ಟಿಪ್ಪಣಿಯಿಲ್ಲದ ಪುಟ: ಪ್ರಾಚೀನ ಹಸ್ತಪ್ರತಿಗಳು ಮತ್ತು ಹೀಬ್ರೂ ಧರ್ಮಗ್ರಂಥದ ಕನ್ನಡ ಅನುವಾದ



ಹನ್ನ ಎಂಬ ತಾಯಿ ಹರಕೆ ಹೊತ್ತು ಪಡೆದ ಮಗ ಸಮುವೇಲನನ್ನು ಶಿಲೋವಿನ ದೇವಮಂದಿರಕ್ಕೆ ಒಪ್ಪಿಸಲು ಹೋಗುತ್ತಾಳೆ. ಹೋಗುವಾಗ ಜೊತೆಯಲ್ಲಿ ಎಷ್ಟು ಹೋರಿಗಳನ್ನು ಒಯ್ದಳು? ಹಳೆಯ ಒಡಂಬಡಿಕೆಯ ಸಮುವೇಲನ ಮೊದಲ ಪುಸ್ತಕದ ಮೊದಲ ಅಧ್ಯಾಯದಲ್ಲಿ ಬರುವ ಈ ಪ್ರಸಂಗಕ್ಕೆ ಸಾಂಪ್ರದಾಯಿಕ ಹೀಬ್ರೂ ಪಾಠ ಕೊಡುವ ಉತ್ತರ ಮೂರು ಹೋರಿಗಳು. ಆದರೆ ಮುಂದಿನ ವಾಕ್ಯದಲ್ಲೇ ಅವರು ಬಲಿಕೊಡುವುದು 'ಆ ಹೋರಿಯನ್ನು', ಅಂದರೆ ಒಂದನ್ನು. ಉಳಿದೆರಡು ಏನಾದವೆಂದು ಪಾಠ ಹೇಳುವುದಿಲ್ಲ. ಮೃತ ಸಮುದ್ರದ ದಂಡೆಯ ಕುಮ್ರಾನ್ ಗುಹೆಯಲ್ಲಿ ಸಿಕ್ಕ ಸಮುವೇಲನ ಸುರುಳಿಯಲ್ಲಿ ಮೂರು ಹೋರಿಗಳಿಲ್ಲ. ಇರುವುದು ಮೂರು ವರ್ಷ ವಯಸ್ಸಿನ ಒಂದು ಹೋರಿ. ಕ್ರಿಸ್ತಪೂರ್ವದ ಗ್ರೀಕ್ ಅನುವಾದವೂ ಅದನ್ನೇ ಹೇಳುತ್ತದೆ, ಸಿರಿಯಾಕ್ ಅನುವಾದವೂ ಅದನ್ನೇ ಹೇಳುತ್ತದೆ.

ಇದು ಹೇಗಾಯಿತೆಂದು ತಿಳಿಯಲು ಹೀಬ್ರೂ ಪಂಡಿತರೇ ಆಗಬೇಕಿಲ್ಲ, ನಮ್ಮ ಓಲೆಗರಿಗಳ ಪರಿಚಯವಿದ್ದರೆ ಸಾಕು. ಓಲೆಯಲ್ಲಿ ಪದ ಬಿಡಿಸದೆ ಸಾಲಾಗಿ ಕೊರೆಯುತ್ತಿದ್ದರು. 'ಅವನಲ್ಲಿದ್ದ' ಎಂದು ಬರೆದಿದ್ದರೆ 'ಅವನಲ್ಲಿ ಇದ್ದ' ಎಂದು ಓದಬೇಕೋ 'ಅವನು ಅಲ್ಲಿ ಇದ್ದ' ಎಂದು ಓದಬೇಕೋ ಎಂಬುದನ್ನು ಸಂದರ್ಭವೇ ಹೇಳಬೇಕು. ಹೀಬ್ರೂವಿನಲ್ಲೂ ಹಾಗೆಯೇ ಆಯಿತು. 'ಮ'ಕಾರವೊಂದನ್ನು ಹಿಂದಿನ ಪದಕ್ಕೆ ಹಚ್ಚಿದರೆ ಅದು ಬಹುವಚನದ ಪ್ರತ್ಯಯವಾಗಿ 'ಹೋರಿಗಳು ಮೂರು' ಎಂದಾಗುತ್ತದೆ. ಅದನ್ನೇ ಮುಂದಿನ ಪದಕ್ಕೆ ಹಚ್ಚಿದರೆ 'ಮೂರು ವರ್ಷದ ಹೋರಿ' ಎಂದಾಗುತ್ತದೆ. ಒಂದಕ್ಷರ ಆಚೀಚೆ ಸರಿದದ್ದಕ್ಕೆ ಒಂದು ಕುಟುಂಬದ ಹರಕೆ ಮೂರು ಪಟ್ಟಾಯಿತು.

ಹೋರಿ ಒಂದಾದರೇನು, ಮೂರಾದರೇನು ಎಂದು ಕೇಳುವವರಿದ್ದಾರೆ. ಭಕ್ತಿಗೆ ಇದರಿಂದ ಕುಂದಿಲ್ಲ, ಸಿದ್ಧಾಂತಕ್ಕೂ ಇಲ್ಲ. ಆದರೆ ಅನುವಾದಕನಿಗೆ ಇದು ತಪ್ಪಿಸಿಕೊಳ್ಳಲಾಗದ ಪ್ರಶ್ನೆ, ಏಕೆಂದರೆ ಅವನು ಒಂದನ್ನು ಬರೆಯಲೇಬೇಕು. ಬರೆದ ಮೇಲೆ ಇನ್ನೊಂದನ್ನು ಏನು ಮಾಡಬೇಕು? ನನ್ನ ಇಂದಿನ ಮಾತೆಲ್ಲ ಆ ಎರಡನೆಯ ಪ್ರಶ್ನೆಯ ಸುತ್ತ. ಹಸ್ತಪ್ರತಿಗಳ ಶೋಧ ಅನುವಾದದ ಪದಗಳನ್ನು ಬದಲಿಸುವುದು ಕೆಲವೇ ಕಡೆ. ಅನುವಾದಕನ ಹೊಣೆಯನ್ನಾದರೋ ಅದು ಎಲ್ಲ ಕಡೆಯೂ ಬದಲಿಸಿದೆ. ಕನ್ನಡದ ಅಚ್ಚಿನ ಪುಟ ಆ ಬದಲಾವಣೆಯನ್ನು ಓದುಗನಿಗೆ ಇನ್ನೂ ತಕ್ಕಷ್ಟು ತೋರಿಸಿಲ್ಲ ಎಂಬುದು ನನ್ನ ವಾದ.

ಮೊದಲು 'ಮೂಲ' ಎಂಬ ಮಾತನ್ನು ನೋಡೋಣ. 'ಮೂಲ ಹೀಬ್ರೂವಿನಿಂದ ಅನುವಾದ' ಎಂದು ಶೀರ್ಷಿಕೆಯ ಪುಟದಲ್ಲಿ ಹಾಕುವುದು ವಾಡಿಕೆ. ಯೆಶಾಯ ಪ್ರವಾದಿಯ ಗ್ರಂಥದ ಆ ಕಾಲದ ಪ್ರತಿ ಯಾವುದೂ ನಮಗೆ ಉಳಿದಿಲ್ಲ, ಪಂಪ ತನ್ನ ಕೈಯಾರೆ ಕೊರೆದ ಓಲೆ ಉಳಿದಿಲ್ಲದಿರುವಂತೆಯೇ. ಉಳಿದಿರುವುದು ಪ್ರತಿಯ ಪ್ರತಿಯ ಪ್ರತಿ. ಕೆಂಗೇರಿಯಾಚೆ ಕೇತೋಹಳ್ಳಿಯ ದೊಡ್ಡ ಆಲದ ಮರವನ್ನು ನೀವು ಕಂಡಿರುತ್ತೀರಿ. ಅದರ ಮೊದಲ ಬೊಡ್ಡೆ ಕೊಳೆತು ಹೋಗಿದೆ, ಮರ ನಿಂತಿರುವುದು ಬಿಳಲುಗಳ ಮೇಲೆ. ಗ್ರಂಥಗಳ ಸ್ಥಿತಿಯೂ ಬಹುಮಟ್ಟಿಗೆ ಅದೇ.

ಹೀಬ್ರೂ ಧರ್ಮಗ್ರಂಥದ ಅತ್ಯಂತ ಮುಖ್ಯವಾದ ಎರಡು ಪ್ರತಿಗಳ ಕಾಲವನ್ನು ಕನ್ನಡದ ಕಾಲಮಾನದಲ್ಲಿಟ್ಟು ನೋಡುವುದು ನನಗೆ ಇಷ್ಟ. ಅಲೆಪ್ಪೊ ಪ್ರತಿ ಸಿದ್ಧವಾದದ್ದು ಸುಮಾರು 930ರಲ್ಲಿ, ಪಂಪ 'ಆದಿಪುರಾಣ'ವನ್ನು ಮುಗಿಸಿದ್ದು 941ರಲ್ಲಿ. ಇಂದಿನ ಬಹುತೇಕ ಎಲ್ಲ ಅನುವಾದಗಳಿಗೂ ಆಧಾರವಾಗಿರುವ ಲೆನಿನ್‌ಗ್ರಾಡ್ ಪ್ರತಿಯನ್ನು ಶಮೂಯೇಲ್ ಬೆನ್ ಯಾಕೋಬ್ ಎಂಬ ಲಿಪಿಕಾರ ಕೈರೋದಲ್ಲಿ 1008ರ ಸುಮಾರಿಗೆ ಬರೆದು ಮುಗಿಸಿದ. ಅದಕ್ಕೆ ಒಂದೇ ವರ್ಷ ಮುಂಚೆ, 1007ರ ಲಕ್ಕುಂಡಿಯ ಶಾಸನ ಅತ್ತಿಮಬ್ಬೆಯನ್ನು ಕೊಂಡಾಡುತ್ತದೆ. ಪೊನ್ನನ 'ಶಾಂತಿಪುರಾಣ'ದ ಸಾವಿರ ಪ್ರತಿಗಳನ್ನು ಮಾಡಿಸಿ ಹಂಚಿದವಳೆಂದು ನಾವು ಇಂದಿಗೂ ನೆನೆಯುವ ಅತ್ತಿಮಬ್ಬೆ ಅವಳೇ. ಅವಳದು ಶಾಸ್ತ್ರದಾನ, ಲಿಪಿಕಾರನದು ಶಾಸ್ತ್ರರಕ್ಷಣೆ. ಗ್ರಂಥವೊಂದು ಕಳೆದುಹೋಗಬಾರದೆಂಬ ಅದೇ ಆತಂಕ ಗದಗದ ಸೀಮೆಯಲ್ಲೂ ನೈಲ್ ನದಿಯ ದಂಡೆಯಲ್ಲೂ ಒಂದೇ ಕಾಲದಲ್ಲಿ ಕೆಲಸ ಮಾಡುತ್ತಿತ್ತು.

ಹೀಬ್ರೂ ಬರಹದಲ್ಲಿ ಮೊದಲಿಗೆ ವ್ಯಂಜನಗಳಷ್ಟೇ ಇದ್ದವು. ಮಸೋರ ಪಂಡಿತರು ಅಕ್ಷರಗಳ ಮೇಲೆ ಕೆಳಗೆ ಚುಕ್ಕೆಗೆರೆಗಳನ್ನಿಟ್ಟು ಸ್ವರವನ್ನು ಗುರುತಿಸುವ ಪದ್ಧತಿ ತಂದದ್ದು ಕ್ರಿಸ್ತಶಕದ ಮೊದಲ ಸಹಸ್ರಮಾನದ ಕೊನೆಯ ಶತಮಾನಗಳಲ್ಲಿ. ಅದರಿಂದ ಹುಟ್ಟುವ ತೊಡಕೂ ಕನ್ನಡಿಗರಿಗೆ ಹೊಸದಲ್ಲ. ನಮ್ಮ ಹಳೆಯ ಓಲೆಗಳಲ್ಲಿ ಸಾಮಾನ್ಯವಾಗಿ ಎಕಾರ ಏಕಾರಗಳಿಗೆ, ಒಕಾರ ಓಕಾರಗಳಿಗೆ ಬರಹದಲ್ಲಿ ಭೇದ ಕಾಣುವುದಿಲ್ಲ. ಕೊಡುವ 'ಕೊಡು' ಯಾವುದು, ಎಮ್ಮೆಯ 'ಕೋಡು' ಯಾವುದು, ಕಂದಾಯದ 'ತೆರು' ಯಾವುದು, ಜಾತ್ರೆಯ 'ತೇರು' ಯಾವುದು ಎಂದು ಸಂಪಾದಕ ನಿರ್ಧರಿಸಬೇಕು. ಆದಿಕಾಂಡದ 47ನೆಯ ಅಧ್ಯಾಯದ ಕೊನೆಯಲ್ಲಿ ಮುದಿ ಯಾಕೋಬ ತಲೆಬಾಗುವುದು ಮಂಚದ ತಲೆದೆಸೆಯಲ್ಲೋ, ಊರುಗೋಲಿನ ತುದಿಯ ಮೇಲೋ? ಮ, ಟ, ಹ ಎಂಬ ಮೂರೇ ವ್ಯಂಜನಗಳು. ಮಸೋರ ಪಂಡಿತರು ಮಂಚ ಎಂದು ಓದಿದರು, ಅವರಿಗಿಂತ ಸಾವಿರ ವರ್ಷ ಮುಂಚಿನ ಗ್ರೀಕ್ ಅನುವಾದಕರು ಕೋಲು ಎಂದು ಓದಿದರು. ಹೊಸ ಒಡಂಬಡಿಕೆಯ ಇಬ್ರಿಯರಿಗೆ ಬರೆದ ಪತ್ರಿಕೆ ಗ್ರೀಕನ್ನೇ ಅನುಸರಿಸುವುದರಿಂದ ಕನ್ನಡ ಬೈಬಲನ್ನು ಮೊದಲಿಂದ ಕೊನೆಯವರೆಗೆ ಓದುವ ಶ್ರದ್ಧಾವಂತರು ಒಂದೇ ಪ್ರಸಂಗವನ್ನು ಎರಡು ಬಗೆಯಲ್ಲಿ ಕಾಣುತ್ತಾರೆ, ಕಾರಣ ತಿಳಿಯದೆ ಕಂಗಾಲಾಗುತ್ತಾರೆ. ಪುಟದಡಿಯಲ್ಲಿ ಒಂದು ಸಾಲಿದ್ದರೆ ಆ ಗೊಂದಲವೇ ಇರುತ್ತಿರಲಿಲ್ಲ.

ಆ ಒಂದು ಸಾಲು ಏಕಿರಲಿಲ್ಲ ಎಂಬುದಕ್ಕೆ ಬಳ್ಳಾರಿಗೆ ಹೋಗಬೇಕು. ಲಂಡನ್ ಮಿಷನರಿ ಸೊಸೈಟಿಯ ಜಾನ್ ಹ್ಯಾಂಡ್ಸ್ 1810ರಲ್ಲಿ ಬಳ್ಳಾರಿಗೆ ಬಂದು ಕನ್ನಡ ಕಲಿತು ಅನುವಾದಕ್ಕೆ ತೊಡಗಿದರು. ಮುಂದೆ ಕನ್ನಡ ನಿಘಂಟನ್ನು ರಚಿಸಿದ ವಿಲಿಯಂ ರೀವ್ ಈ ಕೆಲಸದಲ್ಲಿ ಅವರಿಗೆ ಜೊತೆಯಾದರು. 1831ರ ಹೊತ್ತಿಗೆ ಇಡೀ ಬೈಬಲ್ ಕನ್ನಡದಲ್ಲಿ ಅಚ್ಚಾಗಿತ್ತು. ಕನ್ನಡ ಮುದ್ರಣ ಇನ್ನೂ ತೊಟ್ಟಿಲಲ್ಲಿದ್ದ ಕಾಲ ಅದು. ಪಕ್ಕದಲ್ಲಿ ಕುಳಿತು ಪದ ಹುಡುಕಿಕೊಟ್ಟ ಮುನ್ಷಿಗಳ ಹೆಸರುಗಳನ್ನು ಚರಿತ್ರೆ ಬಹುಮಟ್ಟಿಗೆ ಉಳಿಸಿಕೊಂಡಿಲ್ಲ, ಅದು ನನ್ನನ್ನು ಪ್ರತಿಸಲವೂ ನೋಯಿಸುತ್ತದೆ.

ಅಂದಿನ ಅನುವಾದಕರ ಮುಂದಿದ್ದ ಹೀಬ್ರೂ, ಅಚ್ಚಿನ ಹೀಬ್ರೂ. 1524-25ರಲ್ಲಿ ವೆನಿಸ್‌ನಲ್ಲಿ ಯಾಕೋಬ್ ಬೆನ್ ಹಯ್ಯೀಂ ಸಂಪಾದಿಸಿದ ಆವೃತ್ತಿಯಿಂದ ಇಳಿದುಬಂದ ಪಾಠವೇ ಯುರೋಪಿನಲ್ಲೆಲ್ಲ ಚಲಾವಣೆಯಲ್ಲಿತ್ತು. ಹದಿನೆಂಟನೆಯ ಶತಮಾನದಲ್ಲಿ ಇಂಗ್ಲೆಂಡಿನ ಕೆನ್ನಿಕಾಟ್, ಇಟಲಿಯ ಡಿ ರೋಸ್ಸಿ ನೂರಾರು ಹಸ್ತಪ್ರತಿಗಳನ್ನು ಹೋಲಿಸಿ ಪಾಠಾಂತರಗಳ ದೊಡ್ಡ ಸಂಪುಟಗಳನ್ನು ಪ್ರಕಟಿಸಿದ್ದರು. ಆದರೆ ಅವರು ನೋಡಿದ ಪ್ರತಿಗಳು ಬಹುಮಟ್ಟಿಗೆ ಮಧ್ಯಯುಗದವು, ಒಂದೇ ಮಸೋರ ವಂಶದವು. ಭೇದಗಳಿದ್ದವು, ಅವುಗಳಲ್ಲಿ ಹೆಚ್ಚಿನವು ಕಾಗುಣಿತದ ಭೇದಗಳು.

ಈ ಕಥೆಯಲ್ಲಿ ನಮ್ಮ ನೆರೆಯ ಮಲಬಾರಿಗೂ ಒಂದು ಪಾತ್ರವಿದೆ. 1806ರಲ್ಲಿ ಕ್ಲಾಡಿಯಸ್ ಬುಕಾನನ್ ಕೊಚ್ಚಿಯ ಯೆಹೂದ್ಯರನ್ನು ಕಂಡರು. ಮೈಸೂರು ಸೀಮೆಯಲ್ಲಿ ಸಂಚರಿಸಿ ಬರೆದ ಫ್ರಾನ್ಸಿಸ್ ಬುಕಾನನ್ ಬೇರೆ, ಇವರು ಬೇರೆ. ಕ್ಲಾಡಿಯಸ್ ಅಲ್ಲಿಂದ ಒಯ್ದ ವಸ್ತುಗಳಲ್ಲಿ ಕೆಂಪು ಬಣ್ಣ ಹಾಕಿದ ಆಡಿನ ತೊಗಲುಗಳನ್ನು ಹೊಲಿದು ಮಾಡಿದ ತೋರಾದ, ಅಂದರೆ ಧರ್ಮಗ್ರಂಥದ ಮೊದಲ ಐದು ಪುಸ್ತಕಗಳ, ಉದ್ದನೆಯ ಸುರುಳಿಯೂ ಇತ್ತು. ಅದೀಗ ಕೇಂಬ್ರಿಜ್ ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿದೆ. ಥಾಮಸ್ ಯೇಟ್ಸ್ 1812ರಲ್ಲಿ ಅದನ್ನು ಅಚ್ಚಿನ ಪಾಠದೊಡನೆ ಅಕ್ಷರ ಅಕ್ಷರವಾಗಿ ಹೋಲಿಸಿ ಪ್ರಕಟಿಸಿದರು. ಸಿಕ್ಕ ಭೇದಗಳು ಸುಮಾರು 40, ಅರ್ಥ ಕೆಡಿಸುವಂಥವು ಇರಲಿಲ್ಲವೆನ್ನಬೇಕು. ಯುರೋಪಿನಿಂದ ಅಷ್ಟು ದೂರ, ಅರಬ್ಬಿ ಕಡಲಿನ ತೀರದಲ್ಲಿದ್ದ ಒಂದು ಸಮುದಾಯ ಅದೇ ಪಾಠವನ್ನು ಓದುತ್ತಿತ್ತು ಎಂಬುದು ಅಂದಿನ ವಿದ್ವಾಂಸರಿಗೆ ದೊಡ್ಡ ಸಮಾಧಾನ ತಂದಿತು. ಹೀಬ್ರೂ ಪಾಠ ಕಲ್ಲಿನ ಮೇಲೆ ಕೊರೆದಂತೆ ಸ್ಥಿರವಾದದ್ದು ಎಂಬ ಆ ನೆಮ್ಮದಿಯಲ್ಲೇ ಬಳ್ಳಾರಿಯ ಕೆಲಸ ನಡೆಯಿತು.

ಇದರ ಜೊತೆಗೆ ಇನ್ನೊಂದು ಕಟ್ಟಳೆ ಸೇರಿತು. 1804ರಲ್ಲಿ ಹುಟ್ಟಿದ ಬ್ರಿಟಿಷ್ ಅಂಡ್ ಫಾರಿನ್ ಬೈಬಲ್ ಸೊಸೈಟಿಯ ಮೂಲ ನಿಯಮವೆಂದರೆ ಟಿಪ್ಪಣಿಯಾಗಲಿ ವ್ಯಾಖ್ಯಾನವಾಗಲಿ ಇಲ್ಲದೆ ಗ್ರಂಥವನ್ನು ಹಂಚುವುದು. ಬೇರೆ ಬೇರೆ ಪಂಗಡಗಳ ಪ್ರಾಟೆಸ್ಟಂಟರು ಒಟ್ಟಿಗೆ ಕೆಲಸ ಮಾಡಲು ಅದೊಂದೇ ದಾರಿಯಾಗಿತ್ತು. ಒಬ್ಬರ ಟಿಪ್ಪಣಿ ಇನ್ನೊಬ್ಬರಿಗೆ ಒಪ್ಪಿಗೆಯಾಗುತ್ತಿರಲಿಲ್ಲ. ಆ ನಿಯಮದ ವಿವೇಕವನ್ನು ನಾನು ಮನಸಾರೆ ಒಪ್ಪುತ್ತೇನೆ. ಅದು ಜಗಳ ತಪ್ಪಿಸಿತು, ಪುಸ್ತಕದ ಬೆಲೆ ಇಳಿಸಿತು, ಓದುಗನನ್ನು ಗ್ರಂಥದ ಎದುರಿಗೆ ನೇರವಾಗಿ ನಿಲ್ಲಿಸಿತು. ಆದರೆ ಅದು ಕನ್ನಡದ ಕಣ್ಣಿಗೆ ಒಂದು ಅಭ್ಯಾಸವನ್ನೂ ಕಲಿಸಿತು. ಧರ್ಮಗ್ರಂಥದ ಪುಟವೆಂದರೆ ಎರಡು ಅಂಕಣ ಅಚ್ಚು, ಅಡಿಯಲ್ಲಿ ಖಾಲಿ. ಬೇರೆ ಪಾಠವೇ ಇಲ್ಲವೇನೋ ಎಂಬಂತೆ ಆ ಖಾಲಿ ಜಾಗ ಮಾತಾಡತೊಡಗಿತು.

ಸೋಜಿಗದ ಮಾತೆಂದರೆ, ಅದೇ ಕಾಲದಲ್ಲಿ ಕರಾವಳಿಯಲ್ಲಿ ಇನ್ನೊಂದು ಬಗೆಯ ಕೆಲಸ ನಡೆದಿತ್ತು. ಬಾಸೆಲ್ ಮಿಷನ್ನಿನ ಹರ್ಮನ್ ಮೊಗ್ಲಿಂಗ್ ಮತ್ತು ಗಾಟ್‌ಫ್ರೀಡ್ ವೈಗ್ಲೆ ಮಂಗಳೂರಿನಲ್ಲಿ ಓಲೆಗರಿಗಳನ್ನು ಕೂಡಿಹಾಕಿ 'ಬಿಬ್ಲಿಯೊಥಿಕಾ ಕರ್ನಾಟಿಕಾ' ಮಾಲೆಯಲ್ಲಿ ಕನ್ನಡ ಕಾವ್ಯಗಳನ್ನು ಕಲ್ಲಚ್ಚಿನಲ್ಲಿ ತಂದರು. ಬೈಬಲ್ಲಿನ ಕನ್ನಡವನ್ನು ತಿದ್ದುವ ಕೆಲಸದಲ್ಲಿ ತೊಡಗಿದ್ದವರೂ ಇದೇ ವೈಗ್ಲೆ. ಮುಂದೆ ಫರ್ಡಿನಾಂಡ್ ಕಿಟ್ಟೆಲ್ 1872ರಲ್ಲಿ ಕೇಶಿರಾಜನ 'ಶಬ್ದಮಣಿದರ್ಪಣ'ವನ್ನು, 1875ರಲ್ಲಿ 'ಛಂದೋಂಬುಧಿ'ಯನ್ನು ಹಸ್ತಪ್ರತಿಗಳಿಂದ ಸಂಪಾದಿಸಿಕೊಟ್ಟರು. ಕೇಶಿರಾಜನ ಸೂತ್ರವೊಂದಕ್ಕೆ ಎರಡು ಪಾಠಗಳಿದ್ದರೆ ಹೋಲಿಸಿ ನೋಡಬೇಕೆಂಬ ಶಿಸ್ತನ್ನು ನಮಗೆ ಕಲಿಸಿದವರಲ್ಲಿ ಈ ಮಿಷನರಿಗಳೂ ಇದ್ದರು. ಆ ಶಿಸ್ತು ಕಾವ್ಯ ವ್ಯಾಕರಣಗಳ ಪುಟದಲ್ಲಿ ಬೆಳೆಯಿತು, ಬೈಬಲ್ಲಿನ ಪುಟಕ್ಕೆ ಬರಲಿಲ್ಲ. ಹೀಬ್ರೂ ಬೈಬಲ್ಲಿನ ಆಧುನಿಕ ಪರಿಷ್ಕರಣವನ್ನು 1906ರಲ್ಲಿ ಹೊರತಂದವರ ಹೆಸರೂ ಕಿಟ್ಟೆಲ್ ಎಂದೇ, ರುಡಾಲ್ಫ್ ಕಿಟ್ಟೆಲ್. ನಮ್ಮ ನಿಘಂಟಿನ ಕಿಟ್ಟೆಲ್ಲರು ಅವರಲ್ಲ.

ಇಷ್ಟಾಗಿ 1947 ಬಂತು. ಕುಮ್ರಾನಿನ ಗುಹೆಯೊಂದರಲ್ಲಿ ಬೆಡುಯಿನ್ ಕುರಿಗಾಹಿಗಳಿಗೆ ಗಡಿಗೆಗಳೊಳಗೆ ತೊಗಲಿನ ಸುರುಳಿಗಳು ಸಿಕ್ಕಿದವು. 1956ರವರೆಗೆ 11 ಗುಹೆಗಳಲ್ಲಿ ಸುಮಾರು 900 ಹಸ್ತಪ್ರತಿಗಳ ಅವಶೇಷ ದೊರೆಯಿತು. ಅದರಲ್ಲಿ ಇನ್ನೂರಕ್ಕೂ ಹೆಚ್ಚು ಹೀಬ್ರೂ ಧರ್ಮಗ್ರಂಥದ ಪ್ರತಿಗಳು. ಎಸ್ತೇರಳ ಪುಸ್ತಕವೊಂದನ್ನು ಬಿಟ್ಟರೆ ಉಳಿದೆಲ್ಲ ಪುಸ್ತಕಗಳ ಚೂರಾದರೂ ಅಲ್ಲಿವೆ. ಅದೇ 1947ರ ಕೊನೆಯಲ್ಲಿ ಅಲೆಪ್ಪೊ ನಗರದ ಗಲಭೆಯಲ್ಲಿ ಯೆಹೂದ್ಯರ ಪ್ರಾರ್ಥನಾಮಂದಿರವಾದ ಸಿನಗಾಗ್ ಹೊತ್ತಿ ಉರಿದು, ಶತಮಾನಗಳ ಕಾಲ ಆ ಸಮುದಾಯ ಕಣ್ಣಿನಂತೆ ಕಾಯ್ದಿದ್ದ ಪ್ರತಿಯ ದೊಡ್ಡ ಭಾಗ, ತೋರಾದ ಬಹುಪಾಲು ಸೇರಿ, ಕಾಣೆಯಾಯಿತು. ಮೂಡಬಿದಿರೆಯ ಬಸದಿಯಲ್ಲಿ ಧವಳಾ ಓಲೆಗಳನ್ನು ಕಾಪಾಡಿಕೊಂಡು ಬಂದವರ ನೆಲದಲ್ಲಿ ಹುಟ್ಟಿದ ನಮಗೆ ಆ ನಷ್ಟದ ತೂಕ ವಿವರಿಸಿ ಹೇಳಬೇಕಾಗಿಲ್ಲ.

ಸುರುಳಿಗಳು ಎರಡು ಬಗೆಯ ಸಾಕ್ಷ್ಯ ನುಡಿದವು. ಅನುವಾದದ ಚರ್ಚೆಯಲ್ಲಿ ಸಾಮಾನ್ಯವಾಗಿ ಒಂದನ್ನೇ ಎತ್ತಿ ಹಿಡಿಯುತ್ತಾರೆ. ನಂಬಿಕೆಯುಳ್ಳವರು ಯೆಶಾಯನ ದೊಡ್ಡ ಸುರುಳಿಯನ್ನು ತೋರಿಸುತ್ತಾರೆ. ಏಳು ಮೀಟರಿಗೂ ಉದ್ದದ, 54 ಅಂಕಣಗಳ ಆ ಸುರುಳಿ ಕ್ರಿಸ್ತಪೂರ್ವ ಎರಡನೆಯ ಶತಮಾನದ್ದು, ಲೆನಿನ್‌ಗ್ರಾಡ್ ಪ್ರತಿಗಿಂತ ಸಾವಿರಕ್ಕೂ ಹೆಚ್ಚು ವರ್ಷ ಹಳೆಯದು. ಕಾಗುಣಿತದ ಭೇದಗಳು ಹೇರಳವಾಗಿದ್ದರೂ ನಾವು ಓದುವ ಯೆಶಾಯನೇ ಅಲ್ಲಿಯೂ ಇದ್ದಾನೆ. ಸಂದೇಹವಾದಿಗಳು ಸಮುವೇಲನ ಸುರುಳಿಯನ್ನು ತೋರಿಸುತ್ತಾರೆ. ಅಲ್ಲಿ ಪಾಠ ಎಷ್ಟೋ ಕಡೆ ಮಸೋರ ಪಾಠವನ್ನು ಬಿಟ್ಟು ಗ್ರೀಕಿನ ಕಡೆ ವಾಲುತ್ತದೆ. ಗ್ರೀಕ್ ಅನುವಾದಕರು ಮನಸ್ಸಿಗೆ ಬಂದಂತೆ ಬರೆದರೆಂದು ಹಿಂದೆ ತಳ್ಳಿಹಾಕಿದ್ದ ಕಡೆಗಳಲ್ಲಿ, ಅವರ ಮುಂದೆ ಬೇರೆಯದೇ ಹೀಬ್ರೂ ಇತ್ತೆಂದು ಈಗ ಗೊತ್ತಾಯಿತು. ಎರಡೂ ಸಾಕ್ಷ್ಯಗಳು ನಿಜ. ಕ್ರಿಸ್ತಪೂರ್ವದ ಕೊನೆಯ ಶತಮಾನಗಳಲ್ಲಿ ಒಂದೇ ಗ್ರಂಥದ ಹಲವು ಪಾಠಗಳು ಅಕ್ಕಪಕ್ಕದಲ್ಲೇ ಬಾಳುತ್ತಿದ್ದವು. ಓದುವವರು ಅದರಿಂದ ದಿಗಿಲುಗೊಂಡಂತೆ ಕಾಣುವುದಿಲ್ಲ.

ಕೆಲವು ನಿದರ್ಶನಗಳ ಬಳಿ ಸ್ವಲ್ಪ ಹೊತ್ತು ನಿಲ್ಲುತ್ತೇನೆ. ಸಮುವೇಲನ ಮೊದಲ ಪುಸ್ತಕದಲ್ಲಿ ದಾವೀದ ಎದುರಿಸುವ ಗೊಲ್ಯಾತನ ಎತ್ತರ ಮಸೋರ ಪಾಠದಲ್ಲಿ ಆರು ಮೊಳ ಒಂದು ಗೇಣು. ಕುಮ್ರಾನಿನ ಸುರುಳಿಯಲ್ಲೂ ಹಳೆಯ ಗ್ರೀಕಿನಲ್ಲೂ ನಾಲ್ಕು ಮೊಳ ಒಂದು ಗೇಣು. ಹೀಬ್ರೂವಿನ ಅಳತೆಗಳು ನಮ್ಮ ಮೊಳ ಗೇಣುಗಳಂತೆ ಮೈಯಿಂದಲೇ ಹುಟ್ಟಿದವಾದ್ದರಿಂದ ಕನ್ನಡದಲ್ಲಿ ಅವು ಅನುವಾದವೆನ್ನಿಸುವುದೇ ಇಲ್ಲ, ಅದು ಕನ್ನಡದ ಭಾಗ್ಯ. ಆರೂವರೆ ಮೊಳವೆಂದರೆ ಹತ್ತಿರ ಹತ್ತಿರ ಹತ್ತು ಅಡಿಯ ದೈತ್ಯ, ನಾಲ್ಕೂವರೆ ಮೊಳವೆಂದರೆ ಏಳಡಿಗೂ ಕಡಿಮೆಯ, ಆದರೂ ಎದುರು ನಿಂತವನ ಎದೆ ನಡುಗಿಸುವ ಆಳು. ದಾವೀದನ ಧೈರ್ಯ ಯಾವ ಪಾಠದಲ್ಲಿ ಹೆಚ್ಚು ಮನುಷ್ಯಸಹಜವಾಗಿ ಕಾಣುತ್ತದೆಂದು ಕೇಳಿದರೆ ನಾನು ಎರಡನೆಯದನ್ನು ಹೇಳುತ್ತೇನೆ. ಆದರೆ ಅದು ನನ್ನ ರುಚಿ, ಪಾಠನಿರ್ಣಯಕ್ಕೆ ರುಚಿ ಆಧಾರವಾಗದು. ಹೇಳಿದಷ್ಟೂ ದೈತ್ಯರು ಎತ್ತರವಾಗುತ್ತಾರೆಯೇ ಹೊರತು ಕುಳ್ಳಾಗುವುದು ಅಪರೂಪ ಎಂಬುದು ಮಾತ್ರ ತೂಕವುಳ್ಳ ವಾದ.

ಅದೇ ಪುಸ್ತಕದ 10ನೆಯ ಅಧ್ಯಾಯ ಮುಗಿದು 11 ಆರಂಭವಾಗುವಲ್ಲಿ ಅಮ್ಮೋನಿಯರ ರಾಜ ನಾಹಾಷ ಇದ್ದಕ್ಕಿದ್ದಂತೆ ಯಾಬೇಷ್ ಗಿಲ್ಯಾದಿಗೆ ಮುತ್ತಿಗೆ ಹಾಕುತ್ತಾನೆ. ಶರಣಾದರೆ ಎಲ್ಲರ ಬಲಗಣ್ಣನ್ನು ಕೀಳುವುದಾಗಿ ಹೇಳುತ್ತಾನೆ. ಈ ಕ್ರೌರ್ಯ ಎಲ್ಲಿಂದ ಬಂತು, ಈ ಊರೇ ಏಕೆ ಎಂದು ಮಸೋರ ಪಾಠ ಹೇಳುವುದಿಲ್ಲ. ಕುಮ್ರಾನ್ ಸುರುಳಿಯಲ್ಲಿ ಅದಕ್ಕೆ ಮುಂಚೆ ಇಡೀ ಒಂದು ಕಂಡಿಕೆಯಿದೆ: ಯೊರ್ದನಿನಾಚೆಯ ಗಾದ್ ಮತ್ತು ರೂಬೇನ್ ಕುಲದವರ ಬಲಗಣ್ಣುಗಳನ್ನು ನಾಹಾಷ ಆಗಲೇ ಕೀಳಿಸಿದ್ದ, ಅವನ ಕೈಗೆ ಸಿಗದೆ ಏಳು ಸಾವಿರ ಜನ ತಪ್ಪಿಸಿಕೊಂಡು ಇದೇ ಊರನ್ನು ಸೇರಿದ್ದರು. ಮೊದಲ ಶತಮಾನದ ಯೆಹೂದ್ಯ ಇತಿಹಾಸಕಾರ ಜೋಸೆಫಸನಿಗೂ ಈ ಸಂಗತಿ ಗೊತ್ತಿತ್ತು. ಲಿಪಿಕಾರನ ಕಣ್ಣು ಒಂದು ಕಂಡಿಕೆಯ ಆರಂಭದಿಂದ ಇನ್ನೊಂದರ ಆರಂಭಕ್ಕೆ ಜಾರಿದೆಯೆಂದು ಹಲವರ ಮತ, ಕಥೆಯನ್ನು ಸುಗಮಗೊಳಿಸಲು ಯಾರೋ ಆಮೇಲೆ ಸೇರಿಸಿದ್ದೆಂದು ಕೆಲವರ ಮತ. 1989ರ ಇಂಗ್ಲಿಷ್ ಎನ್.ಆರ್.ಎಸ್.ವಿ. ಅನುವಾದ ಆ ಕಂಡಿಕೆಯನ್ನು ಪಾಠದೊಳಗೇ ಸೇರಿಸಿತು. ಬೇರೆ ಹಲವು ಅನುವಾದಗಳು ಅದನ್ನು ಟಿಪ್ಪಣಿಯಲ್ಲಿಟ್ಟವು.

ಯೆಶಾಯನ 53ನೆಯ ಅಧ್ಯಾಯದಲ್ಲಿ ನೊಂದ ಸೇವಕನು ತನ್ನ ಸಂಕಟದ ನಂತರ 'ಕಾಣುವನು' ಎಂದಿದೆ. ಏನನ್ನು ಕಾಣುವನು? ಮಸೋರ ಪಾಠದಲ್ಲಿ ಆ ಕ್ರಿಯಾಪದಕ್ಕೆ ಕರ್ಮವಿಲ್ಲ. ಅನುವಾದಕರು ಫಲವೆಂದೋ ಮತ್ತೊಂದೆಂದೋ ತಾವೇ ತುಂಬಿಕೊಳ್ಳಬೇಕಾಗಿತ್ತು. ಕುಮ್ರಾನಿನ ಯೆಶಾಯನ ಎರಡು ಸುರುಳಿಗಳೂ, ಇನ್ನೊಂದು ತುಣುಕೂ, ಗ್ರೀಕೂ ಸೇರಿ ಅಲ್ಲಿ ಒಂದು ಪದವನ್ನು ಕೊಡುತ್ತವೆ: ಬೆಳಕು. ಈ ಒಂದು ಪದಕ್ಕಾಗಿಯೇ ಆ ಗುಹೆಗಳು ಸಾರ್ಥಕ ಎಂದು ನನಗನ್ನಿಸಿದ್ದಿದೆ.

ಹಳೆಯ ಪ್ರತಿ ಸಿಕ್ಕಿತೆಂದರೆ ಅದೇ ಸತ್ಯವೆಂದು ಹಿಗ್ಗುವುದು ಮಾತ್ರ ತಪ್ಪು. 1952ರ ಇಂಗ್ಲಿಷ್ ಆರ್.ಎಸ್.ವಿ. ಅನುವಾದ ಆಗತಾನೆ ಸಿಕ್ಕಿದ್ದ ಯೆಶಾಯನ ಸುರುಳಿಯಿಂದ 13 ಪಾಠಗಳನ್ನು ಸ್ವೀಕರಿಸಿತು. ಆ ಸಮಿತಿಯಲ್ಲೇ ಇದ್ದ ಮಿಲ್ಲರ್ ಬರೋಸ್ ಅವುಗಳಲ್ಲಿ ಕೆಲವನ್ನು ಸ್ವೀಕರಿಸಬಾರದಿತ್ತೆಂದು ಕೆಲವೇ ವರ್ಷಗಳಲ್ಲಿ ಬರೆದರು. ದೊಡ್ಡ ವಿದ್ವಾಂಸನ ಲಕ್ಷಣವದು. ಡಿ.ಎಲ್. ನರಸಿಂಹಾಚಾರ್ಯರ 'ಕನ್ನಡ ಗ್ರಂಥಸಂಪಾದನೆ'ಯನ್ನು, ಎಂ.ಎಂ. ಕಲಬುರ್ಗಿಯವರ ಸಂಪಾದನಶಾಸ್ತ್ರದ ಗ್ರಂಥವನ್ನು ಓದಿದ ವಿದ್ಯಾರ್ಥಿಗೆ ಈ ಎಚ್ಚರ ಮೊದಲೇ ಇರುತ್ತದೆ. ಪ್ರತಿಯ ವಯಸ್ಸೇ ಬೇರೆ, ಪಾಠದ ವಯಸ್ಸೇ ಬೇರೆ. ಅವಸರದಲ್ಲಿ ನಕಲು ಮಾಡಿದ ಹಳೆಯ ಓಲೆಗಿಂತ ಒಳ್ಳೆಯ ಮಾತೃಪ್ರತಿಯಿಂದ ನಿಧಾನವಾಗಿ ಇಳಿಸಿದ ಹೊಸ ಕಾಗದದ ಪ್ರತಿ ಮೇಲಿರಬಹುದು. ಸುಲಭವಾದ ಪಾಠವನ್ನು ಲಿಪಿಕಾರ ಕ್ಲಿಷ್ಟ ಮಾಡುವುದು ಅಪರೂಪ, ಕ್ಲಿಷ್ಟವಾದುದನ್ನು ಸುಲಭ ಮಾಡುವುದು ನಿತ್ಯದ ಮಾತು. ಈ ಸೂತ್ರಗಳನ್ನು ಹೀಬ್ರೂವಿಗಾಗಿ ಹೊರಗಿನಿಂದ ತರಿಸಿಕೊಳ್ಳಬೇಕಿಲ್ಲ. ಕನ್ನಡ ಎಂ.ಎ. ತರಗತಿಯಲ್ಲಿ ಅವು ದಶಕಗಳಿಂದ ಇವೆ.

ಇನ್ನೂ ಆಳವಾದ ಪ್ರಶ್ನೆಯೊಂದಿದೆ. ಹೀಬ್ರೂ ಧರ್ಮಗ್ರಂಥ ಮೊದಲು ಯೆಹೂದ್ಯರದು. ಸಿನಗಾಗಿನಲ್ಲಿ ಓದುವುದು ಮಸೋರ ಪಾಠವನ್ನು, ಗುಹೆಯ ಸುರುಳಿಯನ್ನಲ್ಲ. ಒಂದು ಸಮುದಾಯ ಸಾವಿರಾರು ವರ್ಷ ನಾಲಗೆಯ ಮೇಲೆ ಇಟ್ಟುಕೊಂಡ ಪಾಠಕ್ಕೆ ಒಂದು ಹಕ್ಕಿದೆ, ಮಣ್ಣಿನಲ್ಲಿ ಹೂತುಹೋಗಿದ್ದ ಪಾಠಕ್ಕೆ ಆ ಹಕ್ಕಿಲ್ಲ. ಕುಮಾರವ್ಯಾಸನ ವಿಷಯದಲ್ಲಿ ನಾವಿದನ್ನು ಬಲ್ಲೆವು. ವಿದ್ವಾಂಸರು ಹಸ್ತಪ್ರತಿಗಳನ್ನು ಹೋಲಿಸಿ ಪಾಠವನ್ನು ತಿದ್ದಬಹುದು, ಗಮಕಿ ಹಾಡುವ ಪಾಠ ಊರಿನ ಕಿವಿಯಲ್ಲಿ ಉಳಿದಿರುತ್ತದೆ. ಆದ್ದರಿಂದ ಮಸೋರ ಪಾಠವನ್ನು ಕನ್ನಡದ ದೊಡ್ಡಕ್ಷರದಲ್ಲಿಡುವುದೇ ಸರಿಯೆಂದು ನನ್ನ ಅಭಿಪ್ರಾಯ. ಆ ಪಾಠವೇ ಅರ್ಥ ಕೊಡದೆ ನಿಂತಲ್ಲಿ, ಯೆಶಾಯನ 'ಬೆಳಕು' ಬರುವಂಥ ಕಡೆ, ಸ್ವತಂತ್ರವಾದ ಎರಡು ಮೂರು ಸಾಕ್ಷ್ಯಗಳು ಕೂಡಿಬಂದಾಗ ಮಾತ್ರ ಬದಲಿಸಬೇಕು. ಬದಲಿಸಲಿ ಬಿಡಲಿ, ಇನ್ನೊಂದು ಪಾಠ ಪುಟದಡಿಯಲ್ಲಿ ಇರಲೇಬೇಕು. 'ಬೆಳಕು' ತಪ್ಪೆಂದು ನಾಳೆ ಯಾರಾದರೂ ತೋರಿಸಿದರೆ ತಿದ್ದಿಕೊಳ್ಳುವ ದಾರಿಯೂ ಆ ಸಾಲಿನಲ್ಲೇ ಇರುತ್ತದೆ.

ಲಿಪಿಕಾರರ ಪದ್ಧತಿ ಕನ್ನಡದ ನುಡಿಗಟ್ಟಿಗೇ ಹೇಗೆ ಇಳಿಯಿತೆಂಬುದಕ್ಕೆ 'ಯೆಹೋವ' ಎಂಬ ಒಂದೇ ಪದ ಸಾಕು. ದೇವರ ನಾಮದ ನಾಲ್ಕು ವ್ಯಂಜನಗಳನ್ನು ಯೆಹೂದ್ಯರು ಭಯಭಕ್ತಿಯಿಂದ ಉಚ್ಚರಿಸುತ್ತಿರಲಿಲ್ಲ, ಆ ಜಾಗದಲ್ಲಿ 'ಅದೋನಾಯ್', ಅಂದರೆ ಒಡೆಯ, ಎಂದು ಓದುತ್ತಿದ್ದರು. ಅದನ್ನು ನೆನಪಿಸಲು ಮಸೋರ ಪಂಡಿತರು ಆ ಪದದ ಸ್ವರಚಿಹ್ನೆಗಳನ್ನು ಈ ವ್ಯಂಜನಗಳ ಮೇಲಿಟ್ಟರು. ಎರಡನ್ನೂ ಕೂಡಿಸಿ ಓದಿದ ಯುರೋಪಿನವರ ಬಾಯಲ್ಲಿ ಹುಟ್ಟಿದ ರೂಪವೇ ಕನ್ನಡಕ್ಕೆ ಬಂದದ್ದು. ಕುಮ್ರಾನಿನ ಕೆಲವು ಸುರುಳಿಗಳಲ್ಲಿ ಈ ನಾಮವೊಂದನ್ನು ಮಾತ್ರ ಇನ್ನೂ ಪುರಾತನವಾದ ಲಿಪಿಯಲ್ಲಿ ಬರೆದಿದ್ದಾರೆ, ಓದುವವನ ಕಣ್ಣು ಅಲ್ಲಿ ತಡೆದು ನಿಲ್ಲಲೆಂದು. ಬೈಬಲ್ ಸೊಸೈಟಿ ಆಫ್ ಇಂಡಿಯಾ ಪ್ರಕಟಿಸುವ ಹಳೆಯ 'ಸತ್ಯವೇದವು' 'ಯೆಹೋವ'ನನ್ನು ಉಳಿಸಿಕೊಂಡಿದೆ. ಸರಳಗನ್ನಡದ ಅನುವಾದ 'ಸರ್ವೇಶ್ವರ' ಎನ್ನುತ್ತದೆ. ಎರಡು ತಲೆಮಾರುಗಳು ಒಂದೇ ಮನೆಯಲ್ಲಿ ಈ ಎರಡು ಹೆಸರಿನಿಂದ ಪ್ರಾರ್ಥಿಸುವುದುಂಟು. ಅದರ ಹಿಂದೆ ಒಂದು ಚುಕ್ಕೆಯ ಚರಿತ್ರೆ ಇದೆಯೆಂದು ಅವರಿಗೆ ತಿಳಿಸುವವರಿಲ್ಲ.

ಹಳೆಯ 'ಸತ್ಯವೇದವು' ರೂಪುಗೊಂಡದ್ದು ಕುಮ್ರಾನಿಗೆ ಮುಂಚೆ. ಅದು ಸುರುಳಿಗಳನ್ನು ಕಂಡಿಲ್ಲ ಎಂದು ದೂರುವುದು ಅನ್ಯಾಯ. ನಂತರದ ಕಾಲದಲ್ಲಿ ಪರಿಸ್ಥಿತಿ ಬದಲಾಗಿದೆ. 1968ರಲ್ಲಿ ಯುನೈಟೆಡ್ ಬೈಬಲ್ ಸೊಸೈಟೀಸ್ ಮತ್ತು ವ್ಯಾಟಿಕನ್ ಸೇರಿ ಒಪ್ಪಿದ ಮಾರ್ಗಸೂಚಿ, ಪಾಠಾಂತರಗಳನ್ನೂ ಪರ್ಯಾಯ ಅನುವಾದಗಳನ್ನೂ ತಿಳಿಸುವ ಟಿಪ್ಪಣಿಗಳಿಗೆ ಬಾಗಿಲು ತೆರೆಯಿತು. ಟಿಪ್ಪಣಿಯಿಲ್ಲದ ಪುಟದ ಕಟ್ಟಳೆ ಅಲ್ಲಿಗೆ ಸಡಿಲಿತು. ಕನ್ನಡದಲ್ಲಿ ಆ ಬಾಗಿಲನ್ನು ನಾವು ಪೂರ್ತಿಯಾಗಿ ಬಳಸಿಕೊಂಡಿಲ್ಲ. ಇಲ್ಲೇ ಬೆಂಗಳೂರಿನಲ್ಲಿ ಬೈಬಲ್ ಸೊಸೈಟಿಯ ಕೇಂದ್ರ ಕಚೇರಿ ಇದೆ, 1910ರಿಂದ ಯುನೈಟೆಡ್ ಥಿಯಲಾಜಿಕಲ್ ಕಾಲೇಜಿದೆ, ವೈಟ್‌ಫೀಲ್ಡಿನಲ್ಲೇ 1963ರಿಂದ ಎಕ್ಯುಮೆನಿಕಲ್ ಕ್ರಿಶ್ಚಿಯನ್ ಸೆಂಟರ್ ಇದೆ. ಹೀಬ್ರೂ ಬಲ್ಲವರಿದ್ದಾರೆ, ಹಳಗನ್ನಡ ಬಲ್ಲವರೂ ಇದ್ದಾರೆ. ಇಬ್ಬರೂ ಒಂದೇ ಮೇಜಿನ ಸುತ್ತ ಕುಳಿತುಕೊಳ್ಳುವುದು ತೀರಾ ಕಡಿಮೆ.

ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿ, ಪೀಣ್ಯ ಸೀಮೆಯ ಜನರ ಮುಂದೆ ಇದನ್ನು ಹೇಳಲು ನನಗೆ ವಿಶೇಷ ಕಾರಣವಿದೆ. ಇಲ್ಲಿ ಕನ್ನಡ, ತೆಲುಗು, ತಮಿಳು, ಮಲಯಾಳ ಆರಾಧನೆಗಳು ಒಂದೇ ರಸ್ತೆಯಲ್ಲಿ ನಡೆಯುತ್ತವೆ. ರಾಯಚೂರಿನಿಂದಲೋ ಕೋಲಾರದಿಂದಲೋ ಕೆಲಸಕ್ಕೆ ಬಂದವರು ಗ್ರಂಥವನ್ನು ಓದುವುದು ಈಗ ಹೆಚ್ಚಾಗಿ ಮೊಬೈಲಿನಲ್ಲಿ, ಕಂಪನಿ ಬಸ್ಸಿನಲ್ಲಿ, ಪಾಳಿಯ ನಡುವೆ. ಮೊಬೈಲಿನ ಪರದೆಗೆ ಅಡಿ ಎಂಬುದೇ ಇಲ್ಲ. ಹಲವೆಡೆ ಟಿಪ್ಪಣಿ ಒಂದು ಪುಟ್ಟ ಗುರುತಿನ ಹಿಂದೆ ಅಡಗಿರುತ್ತದೆ, ಇಲ್ಲವೇ ಗಣಕಕ್ಕೆ ಏರಿಸುವಾಗ ಬಿದ್ದೇ ಹೋಗಿರುತ್ತದೆ. ಪುಸ್ತಕದಲ್ಲಿ ಖಾಲಿಯಾದರೂ ಇದ್ದ ಜಾಗ ಇಲ್ಲಿ ಇಲ್ಲವೇ ಇಲ್ಲ. ಅದೇ ವೇಳೆ, ಒಂದು ಸಾಲನ್ನು ಯಾರು ಯಾವಾಗ ಏಕೆ ಬದಲಿಸಿದರೆಂಬ ದಾಖಲೆಯಿಲ್ಲದ ಸಾಫ್ಟ್‌ವೇರನ್ನು ನಿಮ್ಮ ಕಚೇರಿಗಳಲ್ಲಿ ಯಾರೂ ಒಪ್ಪುವುದಿಲ್ಲ. ಪಾಠಾಂತರ ಸೂಚಿಯೆಂದರೆ ಅಂಥ ದಾಖಲೆಯೇ. ಎರಡು ಸಾವಿರ ವರ್ಷಗಳ ಬದಲಾವಣೆಗಳನ್ನು ಅದು ಒಂದೊಂದಾಗಿ ಒಪ್ಪಿಸುತ್ತದೆ.

ಪೀಣ್ಯದ ಎರಕದ ಕೆಲಸ ಬಲ್ಲವರಿಗೆ ಇನ್ನೊಂದು ಸಂಗತಿ ಹತ್ತಿರದ್ದು. ಲೋಹದೊಳಗಿನ ಗಾಳಿಗುಳ್ಳೆಯನ್ನು ಒಡೆಯದೆ ನೋಡಲು ಸಿ.ಟಿ. ಸ್ಕ್ಯಾನ್ ಬಳಸುವುದುಂಟಷ್ಟೆ. 1970ರಲ್ಲಿ ಎನ್‌ಗೆದಿಯ ಹಳೆಯ ಸಿನಗಾಗಿನ ಅವಶೇಷದಲ್ಲಿ ಸುಟ್ಟು ಇದ್ದಿಲಾಗಿದ್ದ ಒಂದು ಸುರುಳಿ ಸಿಕ್ಕಿತ್ತು. ಮುಟ್ಟಿದರೆ ಪುಡಿಯಾಗುವಂತಿತ್ತು, ನಾಲ್ಕು ದಶಕಗಳಿಗೂ ಮಿಕ್ಕಿ ಹಾಗೆಯೇ ಇತ್ತು. ಅಮೆರಿಕದ ಕೆಂಟಕಿ ವಿಶ್ವವಿದ್ಯಾಲಯದ ಬ್ರೆಂಟ್ ಸೀಲ್ಸ್ ಮತ್ತು ಸಂಗಡಿಗರು ಅದರ ಸೂಕ್ಷ್ಮ ಸಿ.ಟಿ. ಚಿತ್ರಗಳನ್ನು ಗಣಕದಲ್ಲಿ ಪದರ ಪದರವಾಗಿ ಬಿಡಿಸಿ 2016ರಲ್ಲಿ ಪೂರ್ಣ ವಿವರ ಪ್ರಕಟಿಸಿದರು. ಒಳಗಿದ್ದದ್ದು ಯಾಜಕಕಾಂಡದ ಆರಂಭ, ಅದರ ವ್ಯಂಜನಗಳು ಮಸೋರ ಪಾಠದೊಡನೆ ಕೂಡುತ್ತವೆ. ಸಮುವೇಲನ ಸುರುಳಿ ಪಾಠದ ಬಹುತ್ವವನ್ನು ತೋರಿದರೆ, ಈ ಇದ್ದಿಲಿನ ಉಂಡೆ ಸಾಮಾನ್ಯ ಶಕದ ಮೊದಲ ಶತಮಾನಗಳಲ್ಲೇ ಆ ಪಾಠ ನೆಲೆಗೊಂಡಿತ್ತೆಂದು ತೋರುತ್ತದೆ. ಮುಂದೆಯೂ ಇಂಥವು ಸಿಗಬಹುದು, ಪ್ರತಿ ಬಾರಿಯೂ ಅನುವಾದಕನು ತನ್ನ ಪುಟವನ್ನು ಮತ್ತೆ ನೋಡಬೇಕಾದೀತು.

ಹಸ್ತಪ್ರತಿಯೇ ಸಿಗದ ಕಡೆಯೂ ಇಂಥ ಹೊಣೆ ಇದೆ. ಆಮೋಸನ 6ನೆಯ ಅಧ್ಯಾಯದಲ್ಲಿ ಬಂಡೆಯ ಮೇಲೆ ಕುದುರೆಗಳು ಓಡಿಯಾವೇ ಎಂದು ಕೇಳಿದ ಪ್ರವಾದಿ, ಮರುಗಳಿಗೆಯಲ್ಲೇ ಎತ್ತುಗಳಿಂದ ಉತ್ತಾರೆಯೇ ಎಂದು ಕೇಳುತ್ತಾನೆ. ಎತ್ತುಗಳಿಂದ ಉಳದೆ ಮತ್ತಾವುದರಿಂದ ಉಳುತ್ತಾರೆ? ಅಕ್ಷರಗಳನ್ನು ಬೇರೆ ರೀತಿ ಬಿಡಿಸಿದರೆ 'ಎತ್ತು ಹೂಡಿ ಕಡಲನ್ನು ಉತ್ತಾರೆಯೇ' ಎಂದಾಗುತ್ತದೆ, ಅಸಂಬದ್ಧವೆನಿಸುವ ಪ್ರಶ್ನೆ ತೀಕ್ಷ್ಣವಾಗುತ್ತದೆ. ಇದಕ್ಕೆ ಯಾವ ಪ್ರತಿಯ ಆಧಾರವೂ ಇಲ್ಲ, ಇದು ವಿದ್ವಾಂಸರ ಊಹಾಪಾಠ. ನನಗದು ಸರಿಯೆನಿಸುತ್ತದೆ. ಆದರೂ ಊಹೆಯನ್ನು ಊಹೆಯೆಂದೇ ಮುದ್ರಿಸಬೇಕು.

ಕೊನೆಯದಾಗಿ, ಟಿಪ್ಪಣಿಯಿಂದ ಸಾಮಾನ್ಯ ಓದುಗನ ನಂಬಿಕೆ ಅಲುಗಾಡುತ್ತದೆ ಎಂಬ ಆಕ್ಷೇಪಕ್ಕೆ ಉತ್ತರಿಸಬೇಕು. ಮಂಚ ಮತ್ತು ಊರುಗೋಲಿನ ವ್ಯತ್ಯಾಸವನ್ನು ತಾನೇ ಕಂಡುಹಿಡಿದು, ಕೇಳಲು ಹಿಂಜರಿದು, ಒಳಗೊಳಗೇ ತೊಳಲುವ ಓದುಗನಿಗಿಂತ, ಎರಡನ್ನೂ ಒಂದೇ ಪುಟದಲ್ಲಿ ಕಂಡವನು ನೆಮ್ಮದಿಯಾಗಿರುತ್ತಾನೆಂದು ನಾನು ನಂಬುತ್ತೇನೆ. ಬಸವಣ್ಣನ ವಚನಗಳಿಗೆ ಪಾಠಾಂತರಗಳನ್ನು ಕೊಟ್ಟು ಅಚ್ಚು ಹಾಕಿದ್ದರಿಂದ ಯಾರ ಭಕ್ತಿಯೂ ಕುಗ್ಗಲಿಲ್ಲ. ಟಿಪ್ಪಣಿ ಉದ್ದವಾಗಿರಬೇಕಾಗಿಲ್ಲ, ಪಾಂಡಿತ್ಯ ಮೆರೆಸಬೇಕಾಗಿಲ್ಲ, ಹೀಬ್ರೂ ಲಿಪಿಯೂ ಬೇಡ. ಹನ್ನಳ ಹರಕೆಯ ವಾಕ್ಯದ ಕೆಳಗೆ ಮುಂದಿನ ಕನ್ನಡ ಪರಿಷ್ಕರಣದಲ್ಲಿ ಇಷ್ಟಿದ್ದರೆ ಸಾಕು: 'ಸಾಂಪ್ರದಾಯಿಕ ಹೀಬ್ರೂ ಪಾಠ, ಮೂರು ಹೋರಿಗಳು. ಕುಮ್ರಾನ್ ಸುರುಳಿ, ಗ್ರೀಕ್, ಸಿರಿಯಾಕ್, ಮೂರು ವರ್ಷದ ಹೋರಿ. ಮುಂದಿನ ವಾಕ್ಯದಲ್ಲಿ ಬಲಿಯಾಗುವುದು ಒಂದೇ ಹೋರಿ.'